ಸ್ಟೇರಿಂಗಿನ ಭಾರ

ಗೇಟಿನ ಕಂಬಕ್ಕೆ ಕಾರು ಉಜ್ಜಿದ ದಿನದಿಂದ ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಊಟ ಮಾಡಿರಲಿಲ್ಲ. ಗಾಯವೇನೂ ದೊಡ್ಡದಲ್ಲ, ಹಿಂದಿನ ಬಾಗಿಲ ಮೇಲೆ ಮೊಳದುದ್ದ ಬಣ್ಣ ಹೋಗಿತ್ತು, ಅಷ್ಟೇ. ಆದರೆ ಓಡಿಸುತ್ತಿದ್ದವನು ಆಯುಷ್ಯವೆಲ್ಲ ಬಸ್ಸು ಓಡಿಸಿದವನು, ಕಂಬ ತಾನೇ ನಿಂತು ಕಟ್ಟಿಸಿದ್ದು, ಹೊತ್ತು ನಡುಹಗಲು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣಿನ ನರ ಸೊರಗುತ್ತಿದೆ, ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದರು. ಕಾರಿನ ಕೀಲಿಕೈ ಗೋಡೆಯ ಮೊಳೆಯಿಂದ ಇಳಿದು ಸೊಸೆಯ ಕೈಚೀಲ ಸೇರಿತು.

"ನಾನು ಓಡಿಸ್ತೀನಿ. ಆದ್ರೆ ಹೀಗಿರೋ ಗಾಡೀನ ಅಲ್ಲ," ಎಂದಳು ಸೊಸೆ, ರಾತ್ರಿ ಊಟಕ್ಕೆ ಕೂತಾಗ. ಅವಳು ಆಸ್ಪತ್ರೆಯಲ್ಲಿ ನರ್ಸು. "ಪವರ್ ಸ್ಟೇರಿಂಗ್ ಹಾಕಿಸೋಣ. ಇವತ್ತು ಆಸ್ಪತ್ರೆ ಹಿಂದುಗಡೆ ನಿಲ್ಲಿಸೋಷ್ಟರಲ್ಲಿ ನನ್ನ ಮಣಿಕಟ್ಟು ಬಿದ್ದುಹೋಯ್ತು. ಆಮೇಲೆ ರೋಗಿಗೆ ಸೂಜಿ ಚುಚ್ಚೋಕೆ ಹೋದ್ರೆ ಕೈ ನಡುಗ್ತಿತ್ತು ಮಾವ. ಆ ಮನುಷ್ಯ ನನ್ನ ಕೈ ನೋಡಿ ದೇವ್ರನ್ನ ನೆನೆಸಿಕೊಂಡ."

ಮಗ ನಕ್ಕ. ಮಾವ ನಗಲಿಲ್ಲ. ತಟ್ಟೆಯಲ್ಲಿದ್ದ ಆಲೂಗಡ್ಡೆಯ ಹೋಳನ್ನು ಬೆರಳಿಂದ ಹುಡುಕುತ್ತ, "ಪವರ್ ಸ್ಟೇರಿಂಗ್ ಹಾಕಿದ್ರೆ ರಸ್ತೆ ಕೈಗೆ ಸಿಗಲ್ಲ," ಎಂದ.

"ರಸ್ತೆ ಕೈಗ್ಯಾಕೆ ಅಪ್ಪ? ಚಕ್ರಕ್ಕೆ ಸಿಕ್ಕಿದ್ರೆ ಸಾಲ್ದಾ?" ಎಂದ ಮಗ. ಅವನಿಗೆ ಶೈತ್ಯಾಗಾರದಲ್ಲಿ ಕೆಲಸ. ದಿನವಿಡೀ ಮಂಜುಗಡ್ಡೆಯ ನಡುವೆ ಓಡಾಡಿ ಬಂದು ಮನೆಯಲ್ಲಿ ಎಲ್ಲರ ಮಾತಿಗೂ ಬಿಸಿ ಹಚ್ಚುವುದು ಅವನ ಚಾಳಿ.

"ಬೇಕಾದ್ರೆ ಮಾರಿಬಿಡಿ. ಆದ್ರೆ ಅದಕ್ಕೆ ಪಂಪು ಗಿಂಪು ಕಟ್ಟೋದು ನಾನು ಬದುಕಿರೋವರೆಗೂ ಬೇಡ."

"ಮಾರೋಕೂ ಮನಸ್ಸು ಬರಲ್ಲ, ಕಟ್ಟೋದೂ ಬೇಡ ಅಂದ್ರೆ ಕೋಳಿ ಸಾಕೋಣ ಬಿಡಿ ಅದರಲ್ಲಿ," ಎಂದು ಸೊಸೆ ತಟ್ಟೆ ಎತ್ತಿಕೊಂಡು ಎದ್ದಳು. ಕೋಳಿ ಎಂದೊಡನೆ ಮೊಮ್ಮಗಳು ಹಿಗ್ಗಿಹೋಗಿ, ಎಷ್ಟು ಕೋಳಿ ಹಿಡಿಸುತ್ತವೆ ಎಂದು ಕೇಳಿ ಬೈಸಿಕೊಂಡಳು.

ಇಷ್ಟೆಲ್ಲ ನಡೆಯುವಾಗ ಮನೆಯ ಯಜಮಾನಿ ಟೈಲರಮ್ಮ ಎಲ್ಲರಿಗೂ ಬಡಿಸುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಸುತ್ತಲಿನ ಶಾಲೆಗಳ ಮಕ್ಕಳಿಗೆಲ್ಲ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ, ಮಗ, ಸೊಸೆ ಮೂವರೂ ಕಾರಿನ ಮಾತಾಡುತ್ತಿದ್ದರು. ಅವಳ ತಲೆಯಲ್ಲಿ ಓಡುತ್ತಿದ್ದುದು ಮಧ್ಯಾಹ್ನ ಬಂದ ಫೋನು. ಅಕ್ಕ ಮಾಡಿದ್ದಳು.

"ಮುಂದಿನ ತಿಂಗಳ ಕೊನೆಗೆ ಮನೆ ಬಿಡ್ತೀನಿ ಕಣೇ. ಮಗ ಬಂದು ಕರ್ಕೊಂಡು ಹೋಗ್ತಾನಂತೆ. ಈ ಮಂಡಿ ನೋವಲ್ಲಿ ಇನ್ನು ಒಬ್ಳೇ ಇರೋಕಾಗಲ್ಲ. ಅವನದು ಬೆಟ್ಟದ ಮೇಲಿನ ಊರು, ಬರೀ ತಿರುವಂತೆ, ಚಳಿಯಂತೆ. ಅಷ್ಟರೊಳಗೆ ಒಂದ್ಸಲ ಬಂದು ಹೋಗ್ತೀಯಾ? ನಿಂಬೆಗಿಡ ಈ ಸಲ ಹುಚ್ಚುಹುಚ್ಚಾಗಿ ಬಿಟ್ಟಿದೆ."

"ಬರ್ತೀನಿ ಅಕ್ಕ," ಎಂದಿದ್ದಳು ಟೈಲರಮ್ಮ. ಹೇಗೆ ಎಂದು ಅಕ್ಕನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

*

ಆ ಅಕ್ಕನ ಮನೆ ಇದ್ದದ್ದು ನದಿಯಾಚೆಯ ಊರಿನಲ್ಲಿ, ರಸ್ತೆಯ ಅಂಚಿಗೇ. ಅಪ್ಪ ಅಮ್ಮ ಬಾಳಿದ ಮನೆ. ಅಕ್ಕ ಅಲ್ಲೇ ಉಳಿದಳು, ಇವಳು ಮದುವೆಯಾಗಿ ಈಚೆಗೆ ಬಂದಳು. ವಿಚಿತ್ರವೆಂದರೆ ಗಂಡನ ಬಸ್ಸು ಓಡುತ್ತಿದ್ದುದು ಅದೇ ದಾರಿಯಲ್ಲಿ. ದಿನವೂ ಸಂಜೆ ಅವನು ಅವಳ ತವರಿನ ಗೇಟಿನ ಮುಂದೆ ಹಾದುಹೋಗುತ್ತಿದ್ದ. ಹಾರ್ನು ಕೇಳಿದರೆ ಅಕ್ಕ ಗಂಟು ಹಿಡಿದು ಓಡಿಬರುತ್ತಿದ್ದಳು. ಅವನು ಬ್ರೇಕಿನ ಮೇಲೆ ಕಾಲಿಟ್ಟು ಕಿಟಕಿಯಿಂದ ಕೈ ಚಾಚುತ್ತಿದ್ದ. "ಡ್ರೈವರ್ರೇ, ಇದನ್ನ ನನ್ನ ತಂಗಿಗೆ ತಲುಪಿಸಿ." ಅಷ್ಟೇ ಮಾತು. ಗಂಟಿನಲ್ಲಿ ಒಮ್ಮೆ ನಿಂಬೆಹಣ್ಣು, ಒಮ್ಮೆ ಬಿಸಿ ರೊಟ್ಟಿ, ಒಮ್ಮೆ ಗುಲಾಬಿ ಕಡ್ಡಿ.

ಗಂಟು ಕಟ್ಟುತ್ತಿದ್ದ ಬಟ್ಟೆ ನೀಲಿ ಚೌಕದ್ದು. ಅಂಚು ಹೊಲಿದವಳು ಟೈಲರಮ್ಮ. ಆ ಬಟ್ಟೆ ಎಂದೂ ಬರಿದಾಗಿ ಹೋಗಬಾರದು ಎಂಬುದು ಅಕ್ಕ ತಂಗಿಯರ ಕಟ್ಟಳೆ. ಇವಳು ಒಗೆದು, ಇಸ್ತ್ರಿ ಮಾಡಿ, ಏನಾದರೂ ಒಂದು ಕಟ್ಟಿ ಗಂಡನ ಬಸ್ಸಿನಲ್ಲೇ ವಾಪಸು ಕಳಿಸುತ್ತಿದ್ದಳು. ಹೀಗೆ ಬಟ್ಟೆ ನೂರಾರು ಸಲ ನದಿ ದಾಟಿತು. ಇವಳು ದಾಟಿದ್ದು ವರ್ಷಕ್ಕೆ ಒಂದೋ ಎರಡೋ ಸಲ. ಹೊಲಿಗೆ ಬಿಡುವಂತಿರಲಿಲ್ಲ, ಮಗು ಚಿಕ್ಕದು, ಅತ್ತೆ ಹಾಸಿಗೆ ಹಿಡಿದಿದ್ದಳು. ರಾತ್ರಿ ಅವನಿಗೆ ಬಡಿಸುತ್ತ ಕೇಳುತ್ತಿದ್ದಳು: "ಅಕ್ಕ ಹೇಗಿದ್ಲು?"

"ಇದ್ಲು."

"ಇದ್ಲು ಅಂದ್ರೆ? ಯಾವ ಬಟ್ಟೆ ಉಟ್ಟಿದ್ಲು? ಕೆಮ್ಮು ಹೋಯ್ತಾ?"

"ಬಸ್ಸಲ್ಲಿ ಐವತ್ತು ಜನ ಇದ್ರು ಕಣೇ. ಇಳಿದು ನಾಡಿ ಹಿಡಿದು ನೋಡ್ಲಾ?"

ನಿವೃತ್ತಿಯ ದುಡ್ಡಿನಲ್ಲಿ ಅವನು ಈ ಪುಟ್ಟ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಆಗಲೇ ಹಳೆಯದಾಗಿತ್ತು, ಪವರ್ ಸ್ಟೇರಿಂಗ್ ಇಲ್ಲದ್ದು. ತಿಂಗಳಿಗೊಮ್ಮೆ ಇಬ್ಬರೂ ಅಕ್ಕನ ಮನೆಗೆ ಹೋಗತೊಡಗಿದರು. ಟೈಲರಮ್ಮನ ಪಾಲಿಗೆ ಅವು ಹಬ್ಬದಂಥ ದಿನಗಳು. ಒಂದು ಸಲ, ಖಾಲಿ ರಸ್ತೆ ನೋಡಿ, "ರೀ, ನನಗೂ ಸ್ವಲ್ಪ ಕಲಿಸಿ," ಎಂದಳು.

"ಇದಾ? ಸ್ಟೇರಿಂಗು ಕಲ್ಲಿನ ಹಾಗೆ ಭಾರ. ನಿನ್ನ ಕೈಗಲ್ಲ ಬಿಡು," ಎಂದ.

ಆಮೇಲೂ ಎರಡು ಮೂರು ಸಲ ಕೇಳಿದಳು. ಪ್ರತಿ ಸಲವೂ ಅದೇ ಕಲ್ಲು. ಕೊನೆಗೆ ಕೇಳುವುದನ್ನು ಬಿಟ್ಟಳು, ಆಸೆಯನ್ನು ಬಿಡಲಿಲ್ಲ.

ಈಗ ಅವನ ಕಣ್ಣು ಹೋಯಿತು. ಆ ದಾರಿಯ ಬಸ್ಸೂ ಜನ ಸಾಲದೆಂದು ನಿಂತುಹೋಗಿತ್ತು. ನೀಲಿ ಬಟ್ಟೆ ಕೊನೆಯ ಸಲ ಬಂದದ್ದು ಇವಳ ಕಪಾಟಿನಲ್ಲೇ ಮಡಿಚಿಕೊಂಡು ಕೂತಿತ್ತು. ಕಳಿಸುವ ಸರದಿ ಇವಳದು.

*

ಮರುದಿನ ಬೆಳಗ್ಗೆ ಟೈಲರಮ್ಮ ಮಗನ ಮುಂದೆ ಚಹಾ ಇಟ್ಟು ಕೇಳಿಯೇಬಿಟ್ಟಳು. "ಅಕ್ಕನ ಮನೆಗೆ ಒಂದ್ಸಲ ಕರ್ಕೊಂಡು ಹೋಗ್ತೀಯೇನೋ?"

"ಮುಂದಿನ ಭಾನುವಾರ ಅಮ್ಮ."

ಮುಂದಿನ ಭಾನುವಾರ ಶೈತ್ಯಾಗಾರದ ಯಂತ್ರ ಕೆಟ್ಟಿತು. ಅದರ ಮುಂದಿನದಕ್ಕೆ ಮೀನಿನ ಲಾರಿ ಬಂತು. "ಬಾಡಿಗೆ ಕಾರು ಮಾಡ್ಕೊಂಡು ಹೋಗಿ ಬಾ," ಎಂದ ಮಗ.

"ಬಾಡಿಗೆಯೋನು ಗೇಟಿನ ಹತ್ರ ನಿಂತು ಹಾರ್ನ್ ಹೊಡೀತಾನೆ. ನಾನು ಅಕ್ಕನ ಹತ್ರ ಕೂತು ಮಾತಾಡ್ಲಾ, ಅವನ ಮೀಟರು ನೋಡ್ಲಾ?"

ಅತ್ತ ಸೊಸೆ ಹಟ ಬಿಡಲಿಲ್ಲ. ಗ್ಯಾರೇಜಿನ ಮೇಸ್ತ್ರಿಯನ್ನು ಮನೆಗೇ ಕರೆಸಿದಳು. ಮೇಸ್ತ್ರಿ ಕಾರಿನ ಕೆಳಗೆ ನುಗ್ಗಿ, ಎದ್ದು, ಕೈ ಒರೆಸಿಕೊಂಡು ಹೇಳಿದ: "ಇದೇ ಕಂಪನಿಯ ಇದೇ ಗಾಡಿ, ಮೇಲಿನ ದರ್ಜೇದು, ಗುಜರಿಗೆ ಬಂದಿದೆ. ಅದರ ಸ್ಟೇರಿಂಗು, ಪಂಪು, ಪೈಪು, ಬೆಲ್ಟು ಎಲ್ಲಾ ಗಟ್ಟಿಯಾಗಿದೆ. ಬಿಚ್ಚಿ ಇದಕ್ಕೆ ಕೂರಿಸಬಹುದು. ಆಮೇಲೆ ನೋಡಿ ತಾಯಿ, ಒಂದು ಬೆರಳಲ್ಲಿ ತಿರುಗಿಸ್ತೀರ. ಬೆಣ್ಣೆ."

"ಬೆಣ್ಣೆ ಸೋರಿದ್ರೆ?" ಜಗುಲಿಯಿಂದ ಬಂತು ಮಾವನ ದನಿ.

"ಎಣ್ಣೆ ಸೋರಿದ್ರೆ ಪಂಪು ಕಿರುಚುತ್ತೆ ಡ್ರೈವರಣ್ಣ. ಪೆಟ್ರೋಲೂ ಒಂಚೂರು ಜಾಸ್ತಿ ಕುಡಿಯುತ್ತೆ. ಸುಳ್ಳು ಯಾಕೆ ಹೇಳ್ಲಿ?"

"ಮತ್ತೆ ರಸ್ತೆ?"

"ರಸ್ತೆ ಕೈಗೆ ಅಷ್ಟಾಗಿ ತಿಳಿಯಲ್ಲ. ಅದು ನಿಜ."

"ಕೇಳಿಸ್ಕೊಂಡ್ರಾ ಎಲ್ಲರೂ?" ಎಂದು ಡ್ರೈವರು ಗೆದ್ದವನಂತೆ ಒಳಗೆ ಹೋದ. ಮೇಸ್ತ್ರಿ ತಲೆ ಕೆರೆದುಕೊಂಡು, ಬೇರೆ ಗಿರಾಕಿ ಬರುವವರೆಗೆ ಸಾಮಾನು ಎತ್ತಿಡುವೆನೆಂದು ಹೇಳಿ ಹೋದ.

ಆ ಸಂಜೆ ಟೈಲರಮ್ಮ ಒಣಗಿದ ಬಟ್ಟೆ ತೆಗೆಯಲು ಹೊರಗೆ ಹೋದಾಗ ಗಂಡ ನಿಂತ ಕಾರಿನೊಳಗೆ ಕೂತಿದ್ದ. ಕೀಲಿಯಿಲ್ಲ, ಎಂಜಿನ್ ಸದ್ದಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಅವಳು ಬಟ್ಟೆ ಮಡಿಚುವ ನೆಪದಲ್ಲಿ ತುಸು ಹೊತ್ತು ನಿಂತು, ಕರೆಯದೆ ಒಳಗೆ ಬಂದಳು.

*

ಹೊಲಿದ ಸಮವಸ್ತ್ರಗಳ ಗಂಟುಗಳನ್ನು ಶಾಲೆಗೆ ಮುಟ್ಟಿಸಬೇಕಾದ ದಿನ ಸೊಸೆಗೆ ರಜೆಯಿತ್ತು. "ಬನ್ನಿ ಅತ್ತೆ, ಈ ಕಲ್ಲುಬಂಡೇಲೇ ಹೋಗೋಣ," ಎಂದಳು. ಮುಂದಿನ ಸೀಟಿನ ಮೇಲೂ ಗಂಟುಗಳೇ. ಟೈಲರಮ್ಮ ಹಿಂದೆ ಕೂತಳು. ಗಂಟು ಇಳಿಸಲು ತಾನೂ ಬರುವೆನೆಂದು ಡ್ರೈವರು ಅವಳ ಪಕ್ಕ ಕೂತ. ಬಸ್ಸೋ ಕಾರೋ, ಹಿಂದಿನ ಸೀಟಿನಲ್ಲಿ ಕೂರುವುದು ಅವನಿಗೆ ಹೊಸದು. ಮೊಣಕಾಲು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ.

ಶಾಲೆಯ ಮುಂದೆ ಎರಡು ವ್ಯಾನುಗಳ ನಡುವೆ ಕಾರನ್ನು ತೂರಿಸಬೇಕಿತ್ತು. ಸೊಸೆ ಬ್ರೇಕು ಒತ್ತಿ, ಹಲ್ಲು ಕಚ್ಚಿ, ಎರಡೂ ಕೈಯಿಂದ ಸ್ಟೇರಿಂಗು ಎಳೆದಳು. ಟೈರು ನೆಲಕ್ಕೆ ಉಜ್ಜಿ ನರಳಿತು. ಕುತ್ತಿಗೆಯ ನರ ಉಬ್ಬಿತು. ಅರ್ಧ ತಿರುಗಿಸಿ ಉಸ್ಸೆಂದು ಕೈಬಿಟ್ಟಳು. ಹಿಂದಿನ ವ್ಯಾನಿನವನು ಹಾರ್ನು ಹೊಡೆದ.

"ಇವನ್ಯಾರು ಬೇರೆ! ಬಾರಪ್ಪ, ನೀನೇ ತಿರುಗಿಸು!" ಎಂದು ಕಿಟಕಿಯಿಂದ ಕೂಗಿದಳು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಟೈಲರಮ್ಮ ಮುಂದಕ್ಕೆ ಬಾಗಿದಳು. "ನಿಂತಲ್ಲೇ ತಿರುಗಿಸಬೇಡ ಮಗೂ. ಬ್ರೇಕ್ ಬಿಡು. ಸ್ವಲ್ಪ ಉರುಳಲಿ. ಉರುಳ್ತಾ ಇರುವಾಗ ತಿರುಗಿಸು."

"ಉರುಳಿದ್ರೆ ಗುದ್ದುತ್ತೆ ಅತ್ತೆ."

"ಹೆಚ್ಚು ಬೇಡ. ಇರುವೆ ನಡೆದಷ್ಟು ಸಾಕು. ಕಾಲರಿನ ತಿರುವು ಹೊಲಿಯೋದಿಲ್ವಾ, ಹಾಗೆ. ಬಟ್ಟೆ ಸರೀತಿರಬೇಕು, ಆಗ ತಿರುಗಿಸಿದ್ರೆ ಕೈಗೆ ಬರುತ್ತೆ. ನಿಲ್ಲಿಸಿ ಎಳೆದ್ರೆ ಮುದುಡುತ್ತೆ."

ಸೊಸೆ ಬ್ರೇಕು ಸಡಿಲಿಸಿದಳು. ಕಾರು ಕದಲಿತು. ಸ್ಟೇರಿಂಗು ಅವಳ ಕೈಯೊಳಗೆ ಸುಮ್ಮನೆ ತಿರುಗಿತು. ಮತ್ತೆ ಹಿಂದಕ್ಕೆ, ಮತ್ತೆ ಉರುಳುತ್ತ ಒಂದು ತಿರುವು; ಕಾರು ಎರಡು ವ್ಯಾನುಗಳ ನಡುವೆ ಹೋಗಿ ಕೂತಿತು.

"ಅಯ್ಯೋ! ನಮ್ಮ ಡ್ರೈವಿಂಗ್ ಶಾಲೇಲಿ ನಿಲ್ಸಿ ತಿರುಗಿಸೋದೇ ಕಲಿಸಿದ್ರು. ಅಲ್ಲಿದ್ದಿದ್ದೆಲ್ಲ ಪವರ್ ಸ್ಟೇರಿಂಗೇ. ನಿಮಗೆ ಯಾರು ಹೇಳಿಕೊಟ್ರು ಅತ್ತೆ?"

"ಯಾರೂ ಹೇಳಿಕೊಡ್ಲಿಲ್ಲ. ಪಕ್ಕದಲ್ಲಿ ಕೂತು ಇವರ ಕೈ ನೋಡ್ತಿದ್ದೆ. ಒಂದು ದಿನಾನೂ ಇವರು ನಿಂತ ಚಕ್ರ ತಿರುಗಿಸಿದ್ದು ನಾನು ಕಾಣೆ."

ಹೇಳುತ್ತ ಹೇಳುತ್ತಲೇ ಆ ಮಾತಿನ ಇನ್ನೊಂದು ಮಗ್ಗುಲು ಅವಳಿಗೆ ಹೊಳೆಯಿತು. ತಿರುಗಿ ಗಂಡನ ಮುಖ ನೋಡಿದಳು. ಅವನು ಗಂಟುಗಳ ಗಂಟು ಸರಿಪಡಿಸುತ್ತಿದ್ದ.

"ಇಷ್ಟೇನಾ ರೀ ಆ ಕಲ್ಲು?" ಎಂದಳು.

*

ಮನೆಗೆ ಬಂದ ಮೇಲೆ ಮಾತು ಬೆಳೆಯಿತು. ಸೊಸೆ ಅಡುಗೆಮನೆಯಲ್ಲಿ ಬೇಳೆ ತೊಳೆಯುವ ನೆಪದಲ್ಲಿ ನೀರು ಸಣ್ಣಗೆ ಬಿಟ್ಟುಕೊಂಡಳು, ಕೇಳಿಸಲಿ ಎಂದು.

"ಅಷ್ಟು ವರ್ಷ ಭಾರ ಭಾರ ಅಂದ್ರಲ್ಲ. ಉರುಳಿದ್ರೆ ಹಗುರ ಆಗುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಡ್ರೈವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. ಒರೆಸಿ ಪ್ರಯೋಜನವಿಲ್ಲದ ಕನ್ನಡಕ ಅದು. "ಬಸ್ಸಲ್ಲಿ ಹಿಂದೆ ಐವತ್ತು ಜನ. ಪಕ್ಕದಲ್ಲಿ ಒಂದು ನರಪಿಳ್ಳೆ ಇಲ್ಲ. ಡ್ರೈವರ ಜೊತೆ ಮಾತಾಡಬಾರದು ಅಂತ ತಲೆ ಮೇಲೆ ಬೋರ್ಡು. ಆಯಸ್ಸೆಲ್ಲಾ ಬಾಯಿ ಹೊಲ್ಕೊಂಡು ಓಡಿಸ್ದೆ. ಕಾರು ತಗೊಂಡ ಮೇಲೆ ನೀನು ಪಕ್ಕದಲ್ಲಿ ಕೂತು, ಹೊರಟಾಗಿಂದ ಅಕ್ಕನ ಮನೆವರೆಗೂ ವಟವಟ ಅಂತ... ನೀನು ಕಲಿತುಬಿಟ್ರೆ ಒಬ್ಳೇ ಹೋಗಿಬಿಡ್ತೀಯ ಅಂತ..."

"ಅಂತ?"

"ಭಾರ ಅಂದೆ."

ನಲ್ಲಿಯ ಸದ್ದು ಪೂರ್ತಿ ನಿಂತಿತು.

ಮೆದುವಾಗಬಹುದಿತ್ತು ಟೈಲರಮ್ಮ. ಆಗಲಿಲ್ಲ. "ನಿಮಗೆ ಪಕ್ಕದಲ್ಲಿ ಮಾತು ಬೇಕಿತ್ತು, ಸರಿ. ನನಗೇನು ಬೇಕಿತ್ತು ಅಂತ ಕೇಳಿದ್ರಾ? ನನ್ನ ಅಕ್ಕನ ಮುಖ ದಿನಾ ನೋಡ್ತಿದ್ದೋರು ನೀವು. ನಾನು ರಾತ್ರಿ ಕೇಳಿದ್ರೆ 'ಇದ್ಲು' ಅನ್ನೋ ಒಂದು ಮಾತು ಬಿಸಾಕ್ತಿದ್ರಿ. ಅವಳ ಕೈಯಿಂದ ನನ್ನ ಕೈಗೆ ಒಂದು ನಿಂಬೆಹಣ್ಣು ನೇರವಾಗಿ ಬರ್ಲಿಲ್ಲ. ಎಲ್ಲಾ ನಿಮ್ಮ ಕಿಟಕಿ ದಾಟಿ ಬರ್ಬೇಕಿತ್ತು."

ಆ ವಾರವೆಲ್ಲ ಅವಳು ಅವನಿಗೆ ತಟ್ಟೆ ಇಟ್ಟಳು, ಬಡಿಸಿದಳು, ಕಣ್ಣಿಗೆ ಹನಿ ಬಿಟ್ಟಳು. ಮಾತು ಮಾತ್ರ ಮೊಮ್ಮಗಳ ಮೂಲಕ. "ತಾತನಿಗೆ ಮೊಸರು ಬೇಕಾ ಕೇಳು." "ಅಜ್ಜಿಗೆ ಬೇಡ ಅನ್ನು." ಮೊಮ್ಮಗಳು ನಡುವೆ ನಿಂತು, "ನನಗೆ ಸಂಬಳ ಕೊಡಿ," ಎಂದಳು.

ಸೊಸೆಯೇ ಒಂದು ಬೆಳಗ್ಗೆ ಬಂದು, "ಬನ್ನಿ ಅತ್ತೆ, ಈಗ ನನಗೆ ಸಲೀಸಾಗಿದೆ. ದೊಡ್ಡಮ್ಮನ ಮನೆಗೆ ನಾನೇ ಕರ್ಕೊಂಡು ಹೋಗ್ತೀನಿ," ಎಂದಳು.

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ, "ನೀನು ಬಾ. ಪಕ್ಕದಲ್ಲಿ ಕೂತ್ಕೋ. ಓಡಿಸೋದು ನಾನು," ಎಂದಳು.

"ಈ ವಯಸ್ಸಲ್ಲಿ ಕಾರು ಕಲೀತೀಯಾ ಅಮ್ಮ?" ಎಂದ ಮಗ. "ಮೊದಲು ನಮ್ಮ ಬೀದಿಯೋರಿಗೆಲ್ಲ ವಿಮೆ ಮಾಡಿಸೋಣ."

"ನಿನ್ನ ಮುಂದಿನ ಭಾನುವಾರ ಬರೋದ್ರೊಳಗೆ ನಾನು ಲಾರೀನೇ ಕಲೀತೀನಿ ಕಣೋ."

ಮರುದಿನ ಅವಳು ಹೊರಗೆ ಬಂದು ನೋಡಿದಾಗ ಕಾರಿನ ಬಾಗಿಲು ತೆರೆದಿತ್ತು. ಡ್ರೈವರು ಬಗ್ಗಿ ನಿಂತು ಓಡಿಸುವವರ ಸೀಟಿನ ಮೇಲೆ ದಿಂಬು ಇಡುತ್ತಿದ್ದ, ಅವಳು ಹೊಲಿಗೆಯಂತ್ರದ ಕುರ್ಚಿಗೆ ಹಾಕಿಕೊಳ್ಳುತ್ತಿದ್ದ ದಿಂಬು.

"ನಿನಗೆ ಗೇಟಿನ ಕಂಬ ಕಾಣಬೇಕಲ್ಲ," ಎಂದ, ಅವಳ ಕಡೆ ನೋಡದೆ. "ಕೂತ್ಕೋ."

*

ಕಲಿಯುವವರ ಲೈಸೆನ್ಸು ಬಂತು. ಕಾರಿನ ಹಿಂದೆ ಮುಂದೆ ಕೆಂಪು 'ಎಲ್' ಅಕ್ಷರದ ಹಲಗೆ ಅಂಟಿತು. ಕಚೇರಿಯ ಹುಡುಗಿ ಅರ್ಜಿ ನೋಡಿ, "ಮೊಮ್ಮಗಳಿಗಾ ಅಜ್ಜಿ?" ಎಂದಳಂತೆ. ಗೋದಾಮಿನ ಹಿಂದಿನ ಖಾಲಿ ಮೈದಾನಕ್ಕೆ ಸೊಸೆ ಬೆಳಗ್ಗೆ ಕಾರು ತಂದು ನಿಲ್ಲಿಸಿ ಪಕ್ಕದಲ್ಲಿ ಕೂರುತ್ತಿದ್ದಳು. ಲೈಸೆನ್ಸು ಇದ್ದವರೇ ಪಕ್ಕದಲ್ಲಿರಬೇಕು. ಡ್ರೈವರನದು ಕಣ್ಣಿನ ಜೊತೆಗೇ ಹೋಗಿತ್ತು. ಹಾಗಾಗಿ ಅವನಿಗೆ ಹಿಂದಿನ ಸೀಟು, ಮೊಮ್ಮಗಳ ಪಕ್ಕ.

ಮೊದಲ ದಿನಗಳು ನಗೆಪಾಟಲು. ಪೆಡಲು ಕಂಡರೆ ಟೈಲರಮ್ಮನ ಎರಡೂ ಕಾಲು ಹೊಲಿಗೆಯಂತ್ರ ತುಳಿದ ಹಾಗೆ ತಾಳ ಹಾಕುತ್ತಿದ್ದವು. ಕಾರು ಕುಪ್ಪಳಿಸಿ ನಿಲ್ಲುತ್ತಿತ್ತು.

"ಅಜ್ಜಿ, ಮತ್ತೆ ಸತ್ತೋಯ್ತು!"

"ಇದು ಹೊಲಿಗೆಯಂತ್ರ ಅಲ್ಲ ಕಣೇ, ಬರೀ ಕಾರು," ಎನ್ನುತ್ತಿದ್ದ ಡ್ರೈವರು. "ಎಡಗಾಲು ಮಲಗಿಸು. ಅದಕ್ಕೆ ಕರೆದಾಗ ಮಾತ್ರ ಕೆಲಸ."

ಅವನಿಗೆ ಅವಳ ಕೈ ಕಾಣುತ್ತಿರಲಿಲ್ಲ. ಕಿವಿಯೇ ಕಣ್ಣು. ಟೈರು ನೆಲಕ್ಕೆ ಉಜ್ಜಿದ ಸದ್ದು ಬಂತೆಂದರೆ, "ನಿಂತಲ್ಲಿ ತಿರುಗಿಸ್ದೆ! ಉರುಳಲಿ, ಉರುಳಲಿ!" ಎಂದು ಕೂಗುತ್ತಿದ್ದ. ಎಂಜಿನ್ನು ಗೊಣಗಿದರೆ, "ಗೇರು ಇಳಿಸು, ಪಾಪ ಅದಕ್ಕೆ ಉಸಿರು ಸಾಲ್ತಿಲ್ಲ." ಒಂದು ದಿನ ಅವನು ಏನೂ ಹೇಳಲಿಲ್ಲ. ಮೈದಾನವನ್ನು ಎರಡು ಸುತ್ತು ಬಂದು ನಿಲ್ಲಿಸಿದಾಗ ಟೈಲರಮ್ಮ ತಿರುಗಿ ನೋಡಿ, "ಮಲಗಿಬಿಟ್ರಾ?" ಎಂದಳು.

"ಇಲ್ಲ. ಹೇಳೋಕೆ ಏನೂ ಇರಲಿಲ್ಲ," ಎಂದ.

ಅಷ್ಟು ದಿನಗಳಲ್ಲಿ ಅವನು ಆಡಿದ ಒಳ್ಳೆಯ ಮಾತು ಅದೊಂದೇ. ಮನೆಗೆ ಬಂದು ಅವಳು ಅವನಿಗೆ ಎರಡು ಮೊಟ್ಟೆ ಬೇಯಿಸಿಕೊಟ್ಟಳು. ಮೊಮ್ಮಗಳ ಮೂಲಕ ಅಲ್ಲ, ತಾನೇ ಕೊಟ್ಟಳು.

ಮೈದಾನ ಮುಗಿದು ಬೀದಿ, ಬೀದಿ ಮುಗಿದು ಮಾರುಕಟ್ಟೆಯ ರಸ್ತೆ. ಹೊಲಿಗೆ ಕೆಲಸದ ನಡುವೆ ಅವಳು ಅಕ್ಕನಿಗೆಂದು ಒಂದು ಚೀಲ ಹೊಲಿದಳು: ಉಳಿದ ಸಮವಸ್ತ್ರದ ಬಟ್ಟೆಗಳದು, ತುಂಬ ಜೇಬಿನದು. ಕನ್ನಡಕಕ್ಕೊಂದು ಜೇಬು, ಮಾತ್ರೆಗೊಂದು, ಮಂಡಿ ನೋವಿನ ಎಣ್ಣೆಗೊಂದು. ಮಡಿಚಿ ನೀಲಿ ಬಟ್ಟೆಯಲ್ಲಿ ಕಟ್ಟಿಟ್ಟಳು.

*

ಅಕ್ಕ ಮನೆ ಬಿಡುವುದಕ್ಕೆ ಮುಂಚಿನ ಭಾನುವಾರ ಅವರು ಹೊರಟರು. ಮಗನಿಗೆ ಆ ಭಾನುವಾರ ರಜೆ ಸಿಕ್ಕಿತ್ತು. "ನಾನು ಓಡಿಸ್ಲಾ?" ಎಂದು ಬಂದ. ಮೂವರೂ ಅವನನ್ನು ನೋಡಿದ ನೋಟಕ್ಕೆ ಅವನು ಮಗಳನ್ನು ಕರೆದುಕೊಂಡು ತರಕಾರಿ ತರಲು ಹೋದ.

ಟೈಲರಮ್ಮ ಸ್ಟೇರಿಂಗು ಹಿಡಿದಳು. ಪಕ್ಕದಲ್ಲಿ ಸೊಸೆ, ಹಿಂದೆ ಗಂಡ. ಲಾರಿಯೊಂದು ಪಕ್ಕದಲ್ಲೇ ಬೊಬ್ಬಿರಿದು ಹೋದಾಗ ಅವಳು ಸ್ಟೇರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಹೊಲಗಳು ಬಂದವು. ಕಲ್ಲು ಎದ್ದ ಕಡೆ ಸ್ಟೇರಿಂಗು ಕೈಯಲ್ಲಿ ಗುರುಗುಟ್ಟುತ್ತಿತ್ತು, ಹೊಸ ಡಾಂಬರು ಬಂದಲ್ಲಿ ಬೆಕ್ಕಿನಂತೆ ಸುಮ್ಮನಾಗುತ್ತಿತ್ತು. ಗಂಡ ಕೈಗೆ ಸಿಗಬೇಕೆನ್ನುತ್ತಿದ್ದ ರಸ್ತೆ ಇದೇ ಎಂದು ಅವಳಿಗೆ ತಿಳಿಯಿತು.

ಅಕ್ಕನ ಗೇಟಿನ ಮುಂದೆ ನಿಲ್ಲಿಸಿ ಹಾರ್ನು ಒತ್ತಿದಳು. ಒಳಗಿನಿಂದ ಅಕ್ಕ ಬಂದಳು. ಓಡಿ ಅಲ್ಲ; ಒಂದು ಕೈ ಗೋಡೆಯ ಮೇಲೆ, ಒಂದು ಕೈ ಮಂಡಿಯ ಮೇಲೆ. ಅಭ್ಯಾಸಬಲದಿಂದ ನೇರ ಓಡಿಸುವವರ ಕಿಟಕಿಗೇ ಬಂದಳು. ನೋಡಿದಳು. ಆಮೇಲೆ ಕೈ ಚಾಚಿ ಹೇಳಿದಳು:

"ಡ್ರೈವರ್ರೇ, ನನ್ನ ತಂಗಿ ಏನಾದ್ರೂ ಕೊಟ್ಟು ಕಳಿಸಿದ್ದಾಳಾ?"

ಟೈಲರಮ್ಮ ಮಡಿಲಿನಿಂದ ಗಂಟು ತೆಗೆದು ಕೊಟ್ಟಳು. ಅಕ್ಕ ಗಂಟನ್ನೂ ಕೈಯನ್ನೂ ಒಟ್ಟಿಗೇ ಹಿಡಿದುಕೊಂಡಳು, ಬಿಡಲಿಲ್ಲ.

"ಅವಳು ಹೇಗಿದ್ದಾಳೆ ಡ್ರೈವರ್ರೇ?"

"ಇದ್ದಾಳೆ," ಎಂದಳು ಟೈಲರಮ್ಮ. ಹಿಂದಿನ ಸೀಟಿನಲ್ಲಿ ಡ್ರೈವರು ಮುಖ ಆಚೆ ತಿರುಗಿಸಿದ.

ಮನೆಯೊಳಗೆ ಅರ್ಧ ಸಾಮಾನು ಹೋಗಿ, ಗೋಡೆಯ ಮೇಲೆ ಕಪಾಟುಗಳ ಬಿಳಿ ಗುರುತು ಉಳಿದಿತ್ತು. ಕೂರಲು ಎರಡೇ ಕುರ್ಚಿ. ಅಕ್ಕ ತಂಗಿ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಅಕ್ಕ ಚೀಲದ ಜೇಬುಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತ, "ಇದು ಯಾತಕ್ಕೆ? ಇದು?" ಎಂದು ಕೇಳಿದಳು; ಇವಳು ಹೇಳಿದಳು. ಎಲ್ಲ ಜೇಬು ಮುಗಿದ ಮೇಲೆ ಮತ್ತೆ ಮೊದಲಿನಿಂದ ಕೇಳಿದಳು. ಇವಳು ಮತ್ತೆ ಹೇಳಿದಳು. ಸೊಸೆ ನಿಂಬೆಗಿಡದ ಮುಳ್ಳಿಗೆ ಕೈ ತರಚಿಸಿಕೊಂಡು ಹಣ್ಣು ಕಿತ್ತಳು. ಡ್ರೈವರು ಗಿಡದ ಬುಡದಲ್ಲಿ ನಿಂತು, ಬಿದ್ದ ಹಣ್ಣುಗಳನ್ನು ಕಾಲಿನಿಂದ ಹುಡುಕಿ ಹೆಕ್ಕಿಕೊಟ್ಟ.

ಹೊರಡುವಾಗ ಅಕ್ಕ ಮತ್ತೆ ಕಿಟಕಿಗೆ ಬಂದಳು. ನೀಲಿ ಬಟ್ಟೆಯಲ್ಲಿ ನಿಂಬೆಹಣ್ಣು ತುಂಬಿ ಕಟ್ಟಿದ್ದಳು.

"ಬಟ್ಟೆ ವಾಪಸ್ ಬರ್ಬೇಕು ಕಣೇ," ಎಂದಳು.

"ಎಲ್ಲಿಗೆ ಅಕ್ಕ?"

"ಇನ್ನೆಲ್ಲಿಗೆ? ನಾನು ಇರೋ ಕಡೆಗೆ."

*

ವಾಪಸು ಬರುವಾಗ ಹೊತ್ತು ಇಳಿಯುತ್ತಿತ್ತು. ನಿಂಬೆಯ ವಾಸನೆ ಕಾರು ತುಂಬಿತ್ತು. ಬಹಳ ದೂರ ಬಂದ ಮೇಲೆ ಟೈಲರಮ್ಮ ಕೇಳಿದಳು: "ಅಕ್ಕ ಹೋಗೋ ಊರಿನ ಬೆಟ್ಟದ ದಾರಿ ಹೇಗಿದೆ ರೀ? ನೀವು ಯಾವಾಗಲಾದ್ರೂ ಹೋಗಿದ್ರಾ?"

"ಒಂದ್ಸಲ ಮದುವೆ ಬಸ್ಸು ತಗೊಂಡು ಹೋಗಿದ್ದೆ. ಒಂದು ತಿರುವು ಮುಗಿಯೋದ್ರೊಳಗೆ ಇನ್ನೊಂದು. ಏರಲ್ಲಿ ನಿಂತುಬಿಟ್ರೆ ಉರುಳಿಸೋಕೆ ಜಾಗ ಇಲ್ಲ."

"ಅಂದ್ರೆ ಇದರಲ್ಲಿ ನನ್ನ ಕೈಲಿ..."

ಡ್ರೈವರು ತಡೆದು ಹೇಳಿದ: "ಆಗಲ್ಲ." ಸ್ವಲ್ಪ ಬಿಟ್ಟು, "ಈ ಸಲ ಸುಳ್ಳಲ್ಲ ಕಣೇ," ಎಂದ.

"ಗೊತ್ತು," ಎಂದಳು. ರಸ್ತೆಯಿಂದ ಕಣ್ಣು ತೆಗೆಯದೆ ಸೊಸೆಗೆ ಹೇಳಿದಳು, "ಮೇಸ್ತ್ರಿಗೆ ಫೋನ್ ಮಾಡು ಮಗೂ. ಆ ಸ್ಟೇರಿಂಗು ಇನ್ನೂ ಇದೆಯಾ ಕೇಳು."

ಸೊಸೆ ಮಾವನ ಕಡೆ ತಿರುಗಿದಳು. ಅವನು ಕಿಟಕಿಯಾಚೆ ನೋಡುತ್ತಿದ್ದ, ಆ ಹೊತ್ತಿನಲ್ಲಿ ಅವನಿಗೆ ಕಾಣುವಂಥದ್ದು ಏನೂ ಇರಲಿಲ್ಲ. "ಮಾಡಮ್ಮ," ಎಂದ.

ಸಾಮಾನು ಇನ್ನೂ ಇತ್ತು. ನಾಳೆಯೇ ಗಾಡಿ ತಂದುಬಿಡಿ ಎಂದ ಮೇಸ್ತ್ರಿ. ಸೊಸೆ ಫೋನು ಚೀಲಕ್ಕೆ ಹಾಕಿದಳು. ಬೇಕೆಂದು ಅಷ್ಟು ಹಟ ಮಾಡಿದ್ದವಳು ಅವಳೇ. ಈಗ ಗೆದ್ದ ಮಾತೊಂದೂ ಅವಳ ಬಾಯಿಂದ ಬರಲಿಲ್ಲ.

"ಎಲ್ಲಿದ್ದೀವಿ?" ಎಂದು ಕೇಳಿದ ಡ್ರೈವರು.

"ನೀವೇ ಹೇಳಿ. ದಿನಾ ಬರ್ತಿದ್ದ ದಾರಿ."

"ಹಿಂದೆ ಕೂತ್ರೆ ಏನೂ ತಿಳಿಯಲ್ಲ ಕಣೇ."

"ಹಾಗಾದ್ರೆ ಮುಂದಕ್ಕೆ ಬಗ್ಗಿ."

ಅವನು ಮುಂದಕ್ಕೆ ಜರುಗಿದ. ಎಲ್ಲಿ ಹಿಡಿದುಕೊಳ್ಳಬೇಕೆಂದು ತಡವರಿಸಿ, ಸೀಟಿನ ಮೇಲಿನಿಂದ ಅವಳ ಹೆಗಲ ಮೇಲೆ ಕೈ ಇಟ್ಟ. ಅವಳು ಬಿಗಿಯಾಗಿ ಸ್ಟೇರಿಂಗು ಹಿಡಿದಿದ್ದಳು. ಚಕ್ರದಿಂದ ಸ್ಟೇರಿಂಗಿಗೆ, ಸ್ಟೇರಿಂಗಿನಿಂದ ಅವಳ ಕೈಗೆ, ಕೈಯಿಂದ ಹೆಗಲಿಗೆ ರಸ್ತೆ ಸಣ್ಣಗೆ ನಡುಗುತ್ತ ಏರಿ ಬರುತ್ತಿತ್ತು. ಅವನು ತಲೆ ತಗ್ಗಿಸಿ ಕೂತ.

"ಇದು ಇಟ್ಟಿಗೆ ಗೂಡಿನ ತಿರುವು," ಎಂದ. ಹೌದು, ಇಟ್ಟಿಗೆ ಗೂಡು ಹಿಂದಕ್ಕೆ ಸರಿಯಿತು. "ಈಗ ಇಳಿಜಾರು. ಈಗ..."

ಚಕ್ರ ಸೇತುವೆಯ ಮೊದಲ ಸಂದಿನ ಮೇಲೆ ಹಾದು ಟಕ್ಕೆಂದಿತು. ಹೆಗಲ ಮೇಲಿನ ಬೆರಳುಗಳು ಮೆಲ್ಲಗೆ ಒತ್ತಿದವು.

"ನದಿ," ಎಂದ ಡ್ರೈವರು.

ಇನ್ನೊಂದು ಸಂದು, ಮತ್ತೊಂದು. ಕೆಳಗೆ ನೀರು ಕಾಣಿಸುತ್ತಿರಲಿಲ್ಲ. ಅದರ ತಂಪು ಮಾತ್ರ ಒಳಗೆ ಬಂತು. ಹಿಂದಿನಿಂದ ಯಾರೋ ಬೆಳಕು ಬಿಟ್ಟು ಅವಸರ ಮಾಡಿದರು.

"ಅತ್ತೆ, ಗೇರ್ ಏರಿಸಬಹುದು. ಮುಂದೆ ದಾರಿ ಖಾಲಿಯಿದೆ," ಎಂದಳು ಸೊಸೆ.

ಟೈಲರಮ್ಮ ಏರಿಸಲಿಲ್ಲ. ಹೆಗಲ ಮೇಲಿನ ಕೈ ರಸ್ತೆ ಹುಡುಕುತ್ತಲೇ ಇತ್ತು; ಒಂದು ಗೇರು ಇಳಿಸಿದಳು.